ಇಜೇರಿಯ ಹಾಡುವ ಡಬ್ಬಿ

ಅಂಗಡಿಯ ಬೀಗದ ಕೈಯನ್ನು ಮಗಳು ರೆಹಾನಾಳಿಗೆ ಕೊಟ್ಟು ಒಂದು ವರ್ಷವಾಯಿತು. ಕೊಟ್ಟೆ ಎಂದು ಹೇಳುವುದಷ್ಟೇ. ದಿನಾ ಬೆಳಿಗ್ಗೆ ಹೋಗಿ ಅಂಗಡಿಯ ಮುಂದಿನ ಕುರ್ಚಿಯಲ್ಲಿ ಕೂರುವುದನ್ನು ನಾನು ಬಿಟ್ಟಿಲ್ಲ, ಕೂತವನು ಸುಮ್ಮನಿರುವುದೂ ಇಲ್ಲ. ರೆಹಾನಾ ಯಾವುದೋ ರೂಟರ್ ಬಿಚ್ಚಿ ಕೂತಿರುವಾಗ ನಾನು ಅದಕ್ಕೆ ಸಂಬಂಧವೇ ಇಲ್ಲದ ಹಳೆಯ ಆಂಟೆನಾದ ಕಥೆ ತೆಗೆಯುತ್ತೇನೆ. ಮೊನ್ನೆ ಅವಳಿಗೆ ತಲೆ ಕೆಟ್ಟಿತು.

“ಅಬ್ಬಾ, ನಾ ನಿಮ್ಮ ಮಾತು ಕೇಳಬೇಕೋ, ಸ್ಕ್ರೂ ಎಲ್ಲಿ ಬಿತ್ತು ಅಂತ ಹುಡುಕಬೇಕೋ? ಎಲ್ಲಾ ಒಂದು ನೋಟಬುಕ್ಕಿನ್ಯಾಗ ಬರದಿಡ್ರಿ. ಹೊಸದಾಗಿ ಈ ಕೆಲಸಕ್ಕ ಬರೋರು ಓದ್ಕೋತಾರ. ನನಗೂ ಪುರುಸೊತ್ತು ಸಿಗ್ತದ,” ಅಂದಳು.

ಸರಿ, ಬರೆಯುತ್ತಿದ್ದೇನೆ. ನನ್ನ ಹೆಸರು ಮಹಬೂಬ. ಆಳಂದದಲ್ಲಿ ಟೀವಿ ಮಹಬೂಬಸಾಬ ಅಂದರೆ ಚಹದಂಗಡಿಯವರೂ ಕೈ ಮಾಡಿ ಮನೆ ತೋರಿಸುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕಿನಲ್ಲಿ ನಾನು ಗೋಡೆಗೆ ತೂತು ಕೊರೆಯದ ಊರು ಕಡಿಮೆ. ಮೊದಲು ಆಂಟೆನಾ, ಆಮೇಲೆ ಕೇಬಲ್, ಆಮೇಲೆ ಡಿಶ್, ಕೊನೆಗೆ ಟೀವಿ, ಸ್ಪೀಕರ್, ಫೋನು ಎಲ್ಲವನ್ನೂ ಒಂದೇ ಜಾಲಕ್ಕೆ ಕಟ್ಟಿ ಮನೆ ತುಂಬ ಹಾಡು, ಸಿನಿಮಾ ಹರಿಸುವ ಕೆಲಸ. ಉಪಕರಣ ಬದಲಾಯಿತು, ಏಣಿ ಮಾತ್ರ ಅದೇ ಉಳಿಯಿತು. ಯಾವಾಗ ಎಷ್ಟು ದುಡಿದೆ, ಯಾವಾಗ ಸ್ವಂತ ಅಂಗಡಿ ಹಾಕಿದೆ ಎಂಬುದೆಲ್ಲ ನಿಮಗೆ ಬೇಕಾಗಿಲ್ಲ. ನಾನು ಎಲ್ಲೆಲ್ಲಿ ಎಡವಿದೆ ಎಂಬುದು ಬೇಕು.

ನನಗೆ ಕೆಲಸ ಕಲಿಸಿದವರು ಮಾಣಿಕರಾವ್. ಆಳಂದದಲ್ಲಿ ಕೇಬಲ್ ನಡೆಸುತ್ತಿದ್ದರು. ಅರ್ಧ ಮರಾಠಿ, ಅರ್ಧ ಕನ್ನಡ ಮಾತು, ಪೂರ್ತಿ ಸಿಟ್ಟು. ಅವರ ಬಳಿ ಎರಡೇ ಕಾನೂನು. ಒಂದು, ಪ್ರತಿ ವಾಯರಿಗೂ ಮನೆಯ ಯಜಮಾನನ ಹೆಸರಿನ ಚೀಟಿ ಕಟ್ಟಬೇಕು. ಎರಡು, ಕೆಲಸ ಮುಗಿದ ಮೇಲೆ ಮೂರು ಸಲ ಹಚ್ಚಿ, ಮೂರು ಸಲ ಆರಿಸಿ ನೋಡದೆ ಆ ಮನೆಯ ಹೊಸ್ತಿಲು ದಾಟಬಾರದು.

ಚೀಟಿಯ ಕಾನೂನನ್ನು ನಾನು ಮುರಿದದ್ದು ಒಮ್ಮೆ ಮಾತ್ರ. ಮಳೆ ಬರುವ ಹಾಗಿತ್ತು, ಚೀಟಿ ಬರೆಯುವ ವ್ಯವಧಾನ ಇರಲಿಲ್ಲ, ನೆನಪಿರುತ್ತದೆ ಎಂದು ಐದಾರು ವಾಯರು ಹಾಗೆಯೇ ಕಂಬಕ್ಕೆ ಸುತ್ತಿ ಬಂದೆ. ಮರುವಾರ ಒಂದು ಮನೆಯ ವಾಯರು ಬಿಚ್ಚಲು ಹೋಗಿ ಇಡೀ ಓಣಿಗೆ ಹೋಗುವ ವಾಯರನ್ನೇ ಕತ್ತರಿಸಿಬಿಟ್ಟೆ. ಅದೂ ಧಾರಾವಾಹಿಯ ಹೊತ್ತಿಗೆ ಸರಿಯಾಗಿ. ಓಣಿಯ ಹೆಂಗಸರು ಕೈಗೆ ಹತ್ತಿದ ರೊಟ್ಟಿ ಹಿಟ್ಟು ತೊಳೆಯದೆ ಆಫೀಸಿಗೆ ಬಂದು ನಿಂತರು. ಮಾಣಿಕರಾವ್ ನನ್ನನ್ನು ಬೈಯಲಿಲ್ಲ. ಅವರಿಗೆಲ್ಲ ಚಹ ತರಿಸಿ, ನನ್ನನ್ನು ಅವರ ನಡುವೆ ಕೂರಿಸಿ, ಒಬ್ಬೊಬ್ಬರ ಮನೆಯ ಯಜಮಾನರ ಹೆಸರನ್ನೂ ನನ್ನ ಕೈಯಲ್ಲಿ ಬರೆಸಿದರು. ಆ ಹೆಂಗಸರು ತಮ್ಮ ಮನೆಯವರ ಹೆಸರು ಹೇಳದೆ ಒಬ್ಬರ ಮನೆಯದನ್ನು ಇನ್ನೊಬ್ಬರು ಹೇಳಿ ನಗುತ್ತಿದ್ದರು. ನನಗೆ ಆ ದಿನ ನನ್ನ ಮರ್ಯಾದೆಯ ಚಿಂತೆ, ಅವರೇಕೆ ನಕ್ಕರು ಎಂದು ಯೋಚಿಸಲಿಲ್ಲ. ಯೋಚಿಸಿದ್ದರೆ ಮುಂದೆ ಇಜೇರಿ ಎಂಬ ಹಳ್ಳಿಯಲ್ಲಿ ನನ್ನ ಮಾನ ಉಳಿಯುತ್ತಿತ್ತು.

ಈಗ ಗೋಡೆಯ ವಿಷಯ. ನಮ್ಮ ಕಡೆಯ ಹಳೆಯ ಮನೆಗಳ ಗೋಡೆ ಎಂದರೆ ಗೋಡೆಯಲ್ಲ, ಕೋಟೆ. ಕಲ್ಲು ಮಣ್ಣಿನ ಎರಡು ಎರಡೂವರೆ ಅಡಿ ದಪ್ಪ. ಕೊರೆಯುವ ಮೊದಲು ಆಚೆ ಬದಿಯಲ್ಲಿ ಏನಿದೆ ಎಂದು ನೋಡಿ ಬರಬೇಕು. ಸರಸಂಬಾದಲ್ಲಿ ಒಂದು ಮನೆಗೆ ಡಿಶ್ ಹಾಕಲು ಹೋದಾಗ ನಾನು ನೋಡಲಿಲ್ಲ. ಉದ್ದನೆಯ ಡ್ರಿಲ್ ಹಾಕಿ ಕೊರೆದು ಹೊರಗೆಳೆದೆ. ಅದರ ಹಿಂದೆಯೇ ತೊಗರಿ ಸುರಿಯತೊಡಗಿತು. ಆಚೆ ಕೋಣೆಯಲ್ಲಿ ಸೂರಿನ ತನಕ ತೊಗರಿ ತುಂಬಿದ್ದರು. ನಾನು ತೂತಿಗೆ ಹೆಬ್ಬೆಟ್ಟು ಇಟ್ಟುಕೊಂಡು, ಕಣ್ಣು ಕಣ್ಣು ಬಿಡುತ್ತಾ ನಿಂತೆ. ಮನೆಯೊಡತಿ ಓಡಿ ಬಂದಳು, ನೋಡಿದಳು, ಒಳಗೆ ಹೋಗಿ ಮೊರ ತಂದು ತೂತಿನ ಕೆಳಗೆ ಹಿಡಿದಳು.

“ಕೈ ತೆಗೀರಿ ಸಾಬ್ರ. ಹ್ಯಾಂಗೂ ಇವತ್ತ ಬ್ಯಾಳಿ ಒಡೀಲಾಕ ತೊಗರಿ ತೆಗೀಬೇಕಿತ್ತು. ಬಾಗಲಾ ತೆಗಿಯೋ ತ್ರಾಸ ತಪ್ಪಿಸಿದ್ರಿ,” ಅಂದಳು.

ಆಮೇಲೆ ಆ ತೂತಿಗೆ ಬಟ್ಟೆ ತುರುಕಿ, ಬೇರೆ ಜಾಗದಲ್ಲಿ ವಾಯರು ಒಯ್ದೆ. ಮುಂದೆ ಒಂದೆರಡು ವರ್ಷ ಬಿಟ್ಟು ಆ ಮನೆಗೆ ಹೋದಾಗ ನೋಡುತ್ತೇನೆ, ತೂತನ್ನು ಮುಚ್ಚಿಯೇ ಇಲ್ಲ. ಅದಕ್ಕೊಂದು ಕಟ್ಟಿಗೆಯ ಬಿರಡೆ ಮಾಡಿಸಿ, ಬೇಕಾದಾಗ ತೆಗೆದು ತೊಗರಿ ಇಳಿಸಿಕೊಳ್ಳುತ್ತಿದ್ದರು. ನಾನು ಮಾಡಿದ ಕೆಲಸಗಳಲ್ಲಿ ಇವತ್ತಿಗೂ ರಿಪೇರಿ ಬೇಡದೆ ನಡೆಯುತ್ತಿರುವುದು ಅದೊಂದೇ ಇರಬೇಕು.

ಕೊರೆಯುವ ಕೆಲಸ ತಪ್ಪಿ ಗಾಳಿಯಲ್ಲೇ ಎಲ್ಲ ಹೋಗುತ್ತದೆ ಎಂಬ ಕಾಲ ಬಂದಾಗ ನನಗೆ ಬಹಳ ಖುಷಿಯಾಗಿತ್ತು. ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಆ ಗೋಡೆಗಳು ವೈಫೈಯನ್ನೂ ಬಿಡುವುದಿಲ್ಲ. ಅಫಜಲಪುರದ ಒಬ್ಬ ಕಾಳಿನ ವ್ಯಾಪಾರಿ ಹೊಸ ಟೀವಿಗೆ, ಫೋನಿಗೆ, ಮೇಲಿನ ಕೋಣೆಯ ಸ್ಪೀಕರಿಗೆ ಎಲ್ಲಕ್ಕೂ ಒಟ್ಟಿಗೆ ಜಾಲ ಹಾಕಿಸಿಕೊಂಡರು. ಎರಡನೆಯ ದಿನವೇ ಫೋನು ಬಂತು: ಏನೂ ನಡೆಯುತ್ತಿಲ್ಲ, ಟೀವಿಯಲ್ಲಿ ಚಕ್ರ ತಿರುಗುತ್ತಿದೆ. ಹೋಗಿ ನೋಡಿದರೆ ರೂಟರ್ ಇಟ್ಟ ಜಾಗದಲ್ಲಿ ಇಲ್ಲ.

“ಎಲ್ಲೈತ್ರಿ ಡಬ್ಬಿ?” ಅಂತ ಕೇಳಿದೆ.

“ಅಟು ತುಟ್ಟಿ ಸಾಮಾನು, ಹೊರಗ ಬಿಡ್ಲಿಕ್ಕೆ ಆಗ್ತದೇನ್ರಿ? ಧೂಳಾ ಕುಂದರ್ತದ, ಮಂದೀದು ಕಣ್ಣ ಬೀಳ್ತದ,” ಎಂದು ಅವರು ಸೊಂಟದಿಂದ ಬೀಗದ ಕೈ ತೆಗೆದು ಕಬ್ಬಿಣದ ಅಲಮಾರಿ ತೆರೆದರು. ಒಳಗೆ, ಮದುವೆಯ ಸೀರೆಗಳ ನಡುವೆ, ಕುಂಕುಮ ಹಚ್ಚಿಸಿಕೊಂಡು ರೂಟರ್ ಕೂತಿತ್ತು. ವಾಯರು ಹೋಗಲು ಅಲಮಾರಿಗೆ ಹಿಂದಿನಿಂದ ತೂತು ಬೇರೆ ಹಾಕಿಸಿದ್ದರು. ಕಬ್ಬಿಣದೊಳಗಿಂದ ಸಿಗ್ನಲ್ ಬರುವುದಿಲ್ಲ ಎಂದು ತಿಳಿಹೇಳಲು ನನಗೆ ಅರ್ಧ ದಿನ ಹಿಡಿಯಿತು. ಕೊನೆಗೆ ಗೋಡೆಯ ಗೂಡಿನಂಥ ದೇವರ ಮಾಡದ ಪಕ್ಕ, ಎತ್ತರದಲ್ಲಿ, ಬಿಳಿ ಬಟ್ಟೆಯ ಮುಸುಕು ಹಾಕಿ ಇಡುವುದೆಂದು ತೀರ್ಮಾನವಾಯಿತು. ಅದು ಮನೆಗೆ ಸರಿಯಾಗಿ ನಡುಮಧ್ಯದ ಜಾಗ. ನಾನಾಗಿ ಹುಡುಕಿದ್ದರೂ ಅಷ್ಟು ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಅವತ್ತಿನಿಂದ ನಾನು ಯಾವ ಮನೆಗೆ ಹೋದರೂ ಮೊದಲು ಆ ಮನೆಯವರು ಯಾವ ವಸ್ತುವನ್ನು ಎಲ್ಲಿ ಇಡುತ್ತಾರೆ ಎಂದು ನೋಡುತ್ತೇನೆ. ನಕ್ಷೆ ಆಮೇಲೆ.

ಇಷ್ಟು ಕಲಿತವನು ಜಾಣನಾದೆ ಎಂದುಕೊಂಡೆ. ಆಗಲೇ ಇಜೇರಿಯ ಕೆಲಸ ಬಂತು.

ಇಜೇರಿಯಲ್ಲಿ ಬಂಡೆಪ್ಪ ಎಂಬ ಒಕ್ಕಲುತನದವರು. ಹೊಲ ಅವರ ಹೊಟ್ಟೆಪಾಡು, ಭಜನೆ ಅವರ ಜೀವ. ಏಕತಾರಿ ಹಿಡಿದು ತತ್ವಪದ ಹೇಳಲು ಕೂತರೆ ಸುತ್ತಲಿನ ಊರಿನವರು ಎದ್ದು ಹೋಗುತ್ತಿರಲಿಲ್ಲ. ಹಾಡು ಮುಗಿಯುವ ಮೊದಲೇ ಹಿಂದಿನ ಸಾಲಿನಿಂದ ಯಾರಾದರೂ “ಬಂಡೆಪ್ಪಾ, ಇನ್ನೊಂದು ಪದಾ ಹೇಳೋ!” ಎಂದು ಕೂಗುತ್ತಿದ್ದರು. ಈ ಕೂಗನ್ನು ನಾನೇ ಕೇಳಿದ್ದೇನೆ. ಅವರಿಗೆ ಒಂದು ದಿನ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು, ಅದರ ಜೊತೆ ಮಾತೂ ಹೋಯಿತು. ಕೇಳಿಸುತ್ತಿತ್ತು, ತಿಳಿಯುತ್ತಿತ್ತು, ಬಾಯಿಂದ ಮಾತ್ರ ಒಂದು ಶಬ್ದ ಬರುತ್ತಿರಲಿಲ್ಲ.

ಅವರ ಹಿರಿಯ ಮಗ ಮಲ್ಲಣ್ಣ ಜೇವರ್ಗಿಯಲ್ಲಿ ಬೀಜದ ಅಂಗಡಿ ನಡೆಸುತ್ತಾನೆ. ಅವನು ಆಳಂದದ ತನಕ ನನ್ನನ್ನು ಹುಡುಕಿಕೊಂಡು ಬಂದ.

“ಚಾಚಾ, ಡಾಕ್ಟರ್ ಒಂದು ಮಾತು ಹೇಳ್ಯಾರ. ಮಾತು ಹ್ವಾದ್ರೂ ಹಾಡು ಉಳದಿರ್ತದಂತ. ಅಪ್ಪನ ಪದಾ ಅಪ್ಪಗ ದಿನಾ ಕೇಳಸ್ರಿ, ಅವರ ಜೋಡಿ ಬಾಯಿ ಆಡಿಸ್ಲಿಕ್ಕೆ ಹಚ್ರಿ, ಮಾತು ತಿರಗಿ ಬಂದ್ರೂ ಬರಬೌದು ಅಂದಾರ. ಆದ್ರ ಮೊದಲಿನ ನಾಕೈದು ತಿಂಗಳೇ ಮುಖ್ಯ ಅಂತ. ತಡಾ ಆದ್ರ ಆಸೆ ಬಿಡ್ರಿ ಅಂದಾರ,” ಅಂದ.

ಒಂದು ತಗಡಿನ ಪೆಟ್ಟಿಗೆಯಲ್ಲಿ ಹಳೆಯ ಕ್ಯಾಸೆಟ್ಟುಗಳನ್ನು ತಂದಿದ್ದ. ಯಾರು ಯಾರೋ ಭಜನೆಯಲ್ಲಿ ಟೇಪ್ ಇಟ್ಟು ಹಿಡಿದದ್ದು. ಕೆಲವಕ್ಕೆ ಬೂಷ್ಟು ಹಿಡಿದಿತ್ತು. ನಾನೂ ರೆಹಾನಾಳೂ ಎರಡು ವಾರ ಕೂತು ಹತ್ತಿಯಲ್ಲಿ ಒರೆಸಿ, ಹರಿದದ್ದನ್ನು ಅಂಟಿಸಿ, ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸಿದೆವು. ಮಧ್ಯೆ ಮಧ್ಯೆ ನಾಯಿ ಬೊಗಳಿದ್ದು, ಯಾರೋ ಕೆಮ್ಮಿದ್ದು, ಚಹದ ಕಪ್ಪು ಇಟ್ಟದ್ದು ಎಲ್ಲ ಇದೆ. ತೆಗೆಯಬೇಡ ಎಂದೆ. ಅವರಿಗೆ ಅದೂ ಬೇಕಾಗುತ್ತದೆ.

ಮನೆಗೆ ಹೋಗಿ ನೋಡಿದೆ. ತುಂಬಿದ ಮನೆ. ಆದರೆ ಹಗಲಲ್ಲಿ ಮಲ್ಲಣ್ಣ ಅಂಗಡಿಗೆ, ಅವನ ತಮ್ಮ ಹೊಲಕ್ಕೆ, ಸೊಸೆ ಅಂಗನವಾಡಿ ಕೆಲಸಕ್ಕೆ ಹೋಗುತ್ತಾರೆ. ಬಂಡೆಪ್ಪನವರ ಹತ್ತಿರ ಇರುವವರು ಅವರ ಹೆಂಡತಿ ನೀಲಮ್ಮ ಒಬ್ಬರೇ. ಓದು ಬರುವುದಿಲ್ಲ, ಕಣ್ಣೂ ಮಂಜು. ಫೋನಿನ ತೆರೆ, ರಿಮೋಟಿನ ಗುಂಡಿ ಅವರ ಕೈಗೆ ಹತ್ತುವಂಥದ್ದಲ್ಲ. ಹಾಗಾದರೆ ಮಾತು ಕೇಳುವ ಡಬ್ಬಿಯೇ ಸರಿ ಎಂದು ತೀರ್ಮಾನಿಸಿದೆ. ಒಂದು ಸಾದಾ ಪ್ಲೇಯರ್ ತಂದು ಅದರ ಒಂದೇ ಗುಂಡಿಗೆ ಕೆಂಪು ಬಣ್ಣ ಬಳಿದುಕೊಟ್ಟಿದ್ದರೂ ಸಾಕಿತ್ತು ಎಂದು ಈಗ ಅನಿಸುತ್ತದೆ. ಆದರೆ ನನಗೆ ಆಗ ಹೊಸದನ್ನು ಕಲಿತ ಹುಮ್ಮಸ್ಸು, ನನ್ನ ಕೊನೆಯ ದೊಡ್ಡ ಕೆಲಸ ಎಂಬ ಆಸೆ.

ಪಡಸಾಲೆಯಲ್ಲಿ ಟೀವಿ, ಅದರ ಕೆಳಗೆ ಹಾಡುಗಳೆಲ್ಲ ತುಂಬಿದ ಯಂತ್ರ, ಒಳಗಿನ ಕೋಣೆಯಲ್ಲಿ ಬಂಡೆಪ್ಪನವರ ಮಂಚದ ತಲೆಯ ಕಡೆ ಮಾತು ಕೇಳಿ ಹಾಡುವ ಸ್ಪೀಕರ್ ಡಬ್ಬಿ. ಗೋಡೆ ವೈಫೈಯನ್ನು ಬಿಡುವುದಿಲ್ಲವೆಂದು ಬಾಗಿಲ ಚೌಕಟ್ಟಿನ ಅಂಚಿನಲ್ಲಿ ವಾಯರು ಒಯ್ದೆ. ಹೊರಗಿನ ಇಂಟರ್‌ನೆಟ್ ಹೋದರೂ ಹಾಡು ನಿಲ್ಲಬಾರದೆಂದು ಎಲ್ಲವನ್ನೂ ಮನೆಯೊಳಗೇ ನಡೆಯುವಂತೆ ಮಾಡಿದೆ. ಇನ್ನು ಆ ಸ್ಪೀಕರನ್ನು ಕರೆಯಲು ಒಂದು ಹೆಸರು ಬೇಕು. ಆ ಹೆಸರು ಕೂಗಿದರೆ ಅದು ಎಚ್ಚರಾಗುತ್ತದೆ. ನನ್ನ ಕೈಗೆ ಮಾಣಿಕರಾವ್ ಕಲಿಸಿದ ಚೀಟಿಯ ಚಟ. ಅದಕ್ಕಿಂತ ಹೆಚ್ಚಾಗಿ ನನ್ನ ಕಿವಿಯಲ್ಲಿ ಭಜನೆಯ ಆ ಕೂಗು. ‘ಬಂಡೆಪ್ಪಾ, ಪದಾ ಹೇಳು’ ಎಂದರೆ ಹಾಡು ಹತ್ತುವಂತೆ ಮಾಡಿದೆ. ಮಲಗಿದವರ ಕಿವಿಗೆ ಆ ಕೂಗು ಮತ್ತೆ ಬೀಳಲಿ, ಮನಸ್ಸಿಗೆ ಹಿತವಾಗಲಿ ಎಂಬ ಆಸೆ. ಬಹಳ ಚೆನ್ನಾಗಿ ಯೋಚಿಸಿದೆ ಎಂದು ಬೆನ್ನು ತಟ್ಟಿಕೊಂಡೆ.

ಮೂರು ಸಲ ಕೂಗಿದೆ, ಮೂರು ಸಲವೂ ಹಾಡಿತು. ಮೊದಲನೆಯ ಸಲ ತಮ್ಮ ದನಿ ಕೇಳಿ ಬಂಡೆಪ್ಪನವರ ಕಣ್ಣಲ್ಲಿ ನೀರು ಬಂತು. ನನಗೂ ಬಂತು. “ನೀನೂ ಒಮ್ಮೆ ಕರದು ನೋಡಪಾ,” ಎಂದು ಮಲ್ಲಣ್ಣನಿಗೆ ಹೇಳಿದೆ. “ನೀವು ಕರದ್ರಲ್ರಿ ಚಾಚಾ, ಸಾಕು,” ಎಂದು ಅವನು ತಲೆ ಕೆರೆದುಕೊಂಡ. ನೀಲಮ್ಮ ಬಾಗಿಲ ಮರೆಯಲ್ಲಿ ನಿಂತು ಸೆರಗು ಎಳೆದುಕೊಂಡರು. ನನಗೆ ಏನೂ ಹೊಳೆಯಲಿಲ್ಲ. ಹೋಳಿಗೆ ಊಟ ಮಾಡಿ ಬಂದೆ.

ವಾರ ಕಳೆದ ಮೇಲೆ ಮಲ್ಲಣ್ಣನ ಫೋನು. “ಚಾಚಾ, ಸಂಜಿಕ ನಾವು ಫೋನಿನ ಮ್ಯಾಲ ಹಚ್ಚಿದ್ರ ಹತ್ತತದ. ಹಗಲೊತ್ತು ಮಾತ್ರ ಹತ್ತವಲ್ದು. ಅವ್ವ ಅದು ಕೇಳಂಗಿಲ್ಲ ಅಂತಾಳ.”

ಆಳಂದದಿಂದ ಕಲಬುರಗಿ, ಅಲ್ಲಿಂದ ಜೇವರ್ಗಿ, ಅಲ್ಲಿಂದ ಇಜೇರಿ. ಬಸ್ಸು ಬದಲಿಸುತ್ತಾ ಹೋದೆ. ಬಾಗಿಲಲ್ಲಿ ನಿಂತು ಕೂಗಿದೆ, ಹಾಡಿತು. ಮತ್ತೆ ಕೂಗಿದೆ, ಮತ್ತೆ ಹಾಡಿತು. ಕರೆಂಟಿನ ಏರಿಳಿತ ಇರಬೇಕೆಂದು ಸ್ಟೆಬಿಲೈಜರ್ ಹಾಕಿದೆ. ಬಂದೆ. ಹತ್ತು ದಿನಕ್ಕೆ ಮತ್ತೆ ಅದೇ ಫೋನು. ಮತ್ತೆ ಹೋದೆ. ಸ್ಪೀಕರನ್ನು ಮಂಚದಿಂದ ಬಾಗಿಲ ಹತ್ತಿರ ತಂದೆ, ವಾಯರು ಬದಲಿಸಿದೆ. ನಾನು ಕೂಗಿದರೆ ಹಾಡುತ್ತದೆ. ಬಂದೆ. ಮತ್ತೆ ಫೋನು. ಮೂರನೆಯ ಸಲ ಹೋದಾಗ, ನಮ್ಮ ಕಡೆಯ ಮಾತು ಅದಕ್ಕೆ ತಿಳಿಯುತ್ತಿಲ್ಲವೇನೋ, ಪುಸ್ತಕದ ಕನ್ನಡವೇ ಬೇಕೇನೋ ಎಂಬ ಅನುಮಾನ ಬಂತು. ಡಬ್ಬಿ ತನ್ನನ್ನು ಯಾರು ಯಾವ ಹೊತ್ತಿಗೆ ಕರೆದರು ಎಂದು ಗುರುತು ಇಟ್ಟುಕೊಳ್ಳುತ್ತದೆ. ತೆರೆದು ನೋಡಿದೆ. ನಾನು ಬಂದ ದಿನಗಳನ್ನು ಬಿಟ್ಟರೆ ಒಂದೇ ಒಂದು ಕರೆ ಇರಲಿಲ್ಲ.

“ಅವ್ವಾ, ನೀವು ಇದಕ್ಕ ಕರದೇ ಇಲ್ಲಲ್ರಿ?” ಅಂದೆ. ದನಿ ಸ್ವಲ್ಪ ಗಡುಸಾಗಿತ್ತು. ಅದಕ್ಕೆ ನಾಚಿಕೆಪಡುತ್ತೇನೆ.

“ಕರದೀನ್ರಿ. ದಿನಾ ಕರೀತೀನಿ. ನಮ್ಮಂಥೋರು ಕರದ್ರ ಅದು ಏಳಂಗಿಲ್ಲ, ಬಿಡ್ರಿ,” ಎಂದು ನೀಲಮ್ಮ ನೆಲ ನೋಡುತ್ತಾ ಹೇಳಿದರು.

ಅವರು ಸುಳ್ಳು ಹೇಳುವ ಹೆಂಗಸಲ್ಲ, ಡಬ್ಬಿಗೆ ಸುಳ್ಳು ಹೇಳಲು ಬರುವುದಿಲ್ಲ. ಮಂಚದ ಮೇಲಿಂದ ಬಂಡೆಪ್ಪನವರು ನನ್ನನ್ನೇ ನೋಡುತ್ತಿದ್ದರು. ನಾಲ್ಕೈದು ತಿಂಗಳು ಎಂದು ಡಾಕ್ಟರ್ ಹೇಳಿದ್ದರಲ್ಲಿ ಎರಡು ತಿಂಗಳು ನನ್ನ ಕೈಯಲ್ಲೇ ಕಳೆದುಹೋಗಿದ್ದವು. ಆ ಸಲ ಬಸ್ಸಿನಲ್ಲಿ ವಾಪಸ್ಸು ಬರುವಾಗ ನನಗೆ ನನ್ನ ಇಡೀ ಕಸುಬಿನ ಮೇಲೆಯೇ ಬೇಸರ ಬಂದಿತ್ತು.

ಉತ್ತರ ಸಿಕ್ಕಿದ್ದು ಆಳಂದದ ಆಸ್ಪತ್ರೆಯಲ್ಲಿ. ನನ್ನ ಹೆಂಡತಿ ಜುಬೇದಾಳ ಮೊಣಕಾಲು ನೋವಿಗೆ ತೋರಿಸಲು ಹೋಗಿದ್ದೆವು. ನರ್ಸ್ ಚೀಟಿ ಬರೆಯುತ್ತಾ “ಗಂಡನ ಹೆಸರು?” ಎಂದು ಕೇಳಿದಳು. ಜುಬೇದಾ ಮೊಣಕಾಲು ನೀವಿಕೊಳ್ಳುತ್ತಾ ಕೂತಳು. ನರ್ಸ್ ಮತ್ತೆ ಕೇಳಿದಳು. ಜುಬೇದಾ ತಿರುಗಿ ನನ್ನ ಕಡೆ ನೋಡಿ, “ಅಜೀ, ಬೋಲೋನಾ, ನಾಂವ್ ಪೂಛ್‌ರಯೇ,” ಎಂದು ಗದರಿದಳು. ಹೆಸರು ಕೇಳುತ್ತಿದ್ದಾರೆ, ನೀವೇ ಹೇಳಿ ಎಂದು.

ನಾನು ಹೆಸರು ಹೇಳಲಿಲ್ಲ. ಅಲ್ಲೇ ನಿಂತು ಹಣೆ ಚಚ್ಚಿಕೊಂಡೆ. ಮದುವೆಯಾಗಿ ಮೂವತ್ತೈದು ವರ್ಷ. ಆ ಬಾಯಿಂದ ನನ್ನ ಹೆಸರನ್ನು ನಾನು ಒಮ್ಮೆಯೂ ಕೇಳಿಲ್ಲ. ‘ಅಜೀ’ ಎಂದರೆ ನಾನು, ‘ರೆಹಾನಾ ಕೆ ಅಬ್ಬಾ’ ಎಂದರೆ ನಾನು. ನನ್ನ ಮನೆಯಲ್ಲಿ ನಡೆಯುವುದು ಇಜೇರಿಯ ಮನೆಯಲ್ಲಿ ನಡೆಯುವುದಿಲ್ಲವೇ? ನೀಲಮ್ಮ ಗಂಡನ ಹೆಸರನ್ನು ಹೇಗೆ ಹೇಳಿಯಾರು? ಹೇಳುವುದಿರಲಿ, ‘ಬಂಡೆಪ್ಪಾ, ಪದಾ ಹೇಳು’ ಎಂದು ಗಂಡನಿಗೆ ಏಕವಚನದಲ್ಲಿ ಅಪ್ಪಣೆ ಕೊಡಬೇಕಂತೆ, ಅದೂ ಅವರು ಎದುರಿಗೇ ಮಲಗಿರುವಾಗ! ಸೊಸೆ ಮಾವನ ಹೆಸರು ಎತ್ತುವುದಿಲ್ಲ. ಮಗ ಅಪ್ಪನನ್ನು ಹೆಸರು ಹಿಡಿದು ಕೂಗುವುದಿಲ್ಲ. ಮನೆ ತುಂಬ ಜನರಿದ್ದೂ ಒಬ್ಬರೂ ಕರೆಯಲಾಗದ ಡಬ್ಬಿಯನ್ನು ನಾನು ಆ ಮನೆಗೆ ಕೂರಿಸಿ ಬಂದಿದ್ದೆ. ಕೇಬಲ್ ಆಫೀಸಿನಲ್ಲಿ ಹೆಂಗಸರು ನಕ್ಕದ್ದು ಆಗ ನೆನಪಾಯಿತು.

“ಕ್ಯಾ ಹುವಾ ಜೀ?” ಎಂದು ಜುಬೇದಾ ಗಾಬರಿಯಾದಳು. ಏನೂ ಆಗಿಲ್ಲ, ನನಗೆ ಬುದ್ಧಿ ಈಗ ಬಂತು ಎಂದೆ. ತಡವಾಗಿ ಬಂತು ಎಂದು ಅವಳು ಸೇರಿಸಿದಳು. ಏನು ವಿಷಯ ಎಂದು ತಿಳಿಯದೆಯೇ ಸೇರಿಸಿದಳು.

ಮರುದಿನ ಮೊದಲ ಬಸ್ಸಿಗೆ ಹೊರಟೆ. ಮಧ್ಯಾಹ್ನದ ಹೊತ್ತಿಗೆ ಇಜೇರಿಯ ಮನೆ ಸೇರಿದೆ. ನೀಲಮ್ಮ ಗಂಡನಿಗೆ ಅಂಬಲಿ ಕುಡಿಸುತ್ತಿದ್ದರು.

“ಅವ್ವಾ, ನೀವು ಡಬ್ಬಿಗೆ ಏನಂತ ಕರೀತಿದ್ರಿ, ಖರೇ ಹೇಳ್ರಿ,” ಎಂದು ಕೇಳಿದೆ.

ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಅಲುಗುವುದು ಕಂಡಿತು, ಅಳುತ್ತಾರೋ ನಗುತ್ತಾರೋ ತಿಳಿಯಲಿಲ್ಲ. ನಗುತ್ತಿದ್ದರು.

“ಏನ್ರಿ ಅಂತ ಕರೀತಿದ್ನಿರಿ. ಏನ್ರಿ, ಪದಾ ಹೇಳ್ರಿ ಅಂತ. ಅವರಿಗೆ ಹ್ಯಾಂಗ ಕರೀತೀನೋ ಹಂಗ. ಲಗ್ನದಾಗ ಒಮ್ಮೆ, ಕುಬಸದಾಗ ಒಮ್ಮೆ, ಮಂದಿ ಬಿಡ್ಲಿಲ್ಲ ಅಂತ ಒಡಪಾ ಹಾಕಿ ಹೆಸರು ಹೇಳೀನಿ. ಆಮ್ಯಾಲ ಹೇಳಿಲ್ಲ. ನೀವು ಅಟು ದೂರದಿಂದ ಬರ್ತೀರಿ, ನಿಮ್ಮ ಕೆಲಸದಾಗ ಐಬು ಹ್ಯಾಂಗ ತೆಗೀಲಿ?”

ಈ ಕಡೆಯವರಲ್ಲದವರಿಗೆ ಒಂದು ಮಾತು. ಒಡಪು ಅಂದರೆ ಪ್ರಾಸದ ಎರಡು ಸಾಲು. ಅದರೊಳಗೆ ಗಂಡನ ಹೆಸರನ್ನು ಪೋಣಿಸಿ ಹೇಳುತ್ತಾರೆ. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ ಹೆಂಗಸರು ಬಾಗಿಲು ಅಡ್ಡಗಟ್ಟಿ ಹೇಳಿಸುತ್ತಾರೆ. ಹೆಸರು ಬಾಯಿಗೆ ಬರಲು ಅದೊಂದೇ ದಾರಿ.

“ಐಬು ನಂದೇ ಅವ್ವಾ, ನಿಮ್ಮದಲ್ಲ. ತಪ್ಪಾಯ್ತು,” ಅಂದೆ. ಬಂಡೆಪ್ಪನವರ ಕಾಲು ಮುಟ್ಟಿ ಅವರಿಗೂ ಅದನ್ನೇ ಹೇಳಿದೆ.

ಕೂತು ಡಬ್ಬಿಗೆ ‘ಏನ್ರಿ’ ಎಂಬುದನ್ನು ಕಲಿಸಿದೆ. ಈ ಸಲ ನನ್ನ ದನಿಯಲ್ಲಲ್ಲ, ನೀಲಮ್ಮನವರ ದನಿಯಲ್ಲಿ, ಅವರು ದಿನಾ ಕರೆಯುವ ರಾಗದಲ್ಲಿ. ಮೊದಲ ಸಲ ಅವರು ಹೆದರುತ್ತಾ, “ಏನ್ರಿ…” ಎಂದರು. ಹಾಡು ಹತ್ತಿತು. ಅವರು ಎರಡು ಹೆಜ್ಜೆ ಹಿಂದೆ ಸರಿದು, ಮಂಚದ ಕಡೆ ನೋಡಿ, ಮತ್ತೆ ಡಬ್ಬಿಯ ಕಡೆ ನೋಡಿದರು. ಅಷ್ಟರಲ್ಲಿ ಪಕ್ಕದ ಮನೆಯವಳು ಮಜ್ಜಿಗೆ ಕೇಳಲು ಬಂದು ಅಂಗಳದಿಂದಲೇ “ಏನ್ರಿ ನೀಲಮ್ಮಾ” ಎಂದಳು. ನಡೆಯುತ್ತಿದ್ದ ಹಾಡು ನಿಂತು ಇನ್ನೊಂದು ಹಾಡು ಹತ್ತಿತು. ಅವಳು “ಏನ್ರಿ ಇದು!” ಎಂದಳು. ಮೂರನೆಯ ಹಾಡು ಹತ್ತಿತು. ಆ ಗದ್ದಲದಲ್ಲಿ ಬಂಡೆಪ್ಪನವರ ಮುಖದ ಎಡಬದಿ ಮೇಲಕ್ಕೇರಿತು. ಅದು ನಗೆ ಎಂದು ನೀಲಮ್ಮ ಹೇಳಿದರು. ನಮ್ಮ ಕಡೆ ದಿನಕ್ಕೆ ಎಷ್ಟು ಸಲ ಏನ್ರಿ ಅನ್ನುತ್ತೇವೆ ಎಂಬ ಲೆಕ್ಕ ನನಗೆ ಇರಲಿಲ್ಲ. ‘ಏನ್ರಿ, ಪದಾ ಹೇಳ್ರಿ’ ಎಂದು ಪೂರ್ತಿ ಹೇಳಿದರೆ ಮಾತ್ರ ಹತ್ತುವಂತೆ ತಿದ್ದಿದೆ. ಆಗ ಎಲ್ಲ ಸರಿಹೋಯಿತು.

ಇನ್ನು ಹಳೆಯ ಹೆಸರನ್ನು ಅಳಿಸುವುದೊಂದು ಬಾಕಿ. ಫೋನಿನಲ್ಲಿ ಅದನ್ನು ತೆರೆದು, “ಅವ್ವಾ, ಇದರಾಗಿಂದ ಮೊದಲಿನ ಹೆಸರು ತೆಗದುಬಿಡ್ತೀನಿ,” ಎಂದೆ.

“ತಡೀರಿ,” ಅಂದರು ನೀಲಮ್ಮ.

ಅಂಬಲಿಯ ಬಟ್ಟಲು ಬದಿಗಿಟ್ಟು ಕೈ ತೊಳೆದುಕೊಂಡರು. ತಲೆಯ ಮೇಲೆ ಸೆರಗು ಸರಿಮಾಡಿಕೊಂಡರು. ಮಜ್ಜಿಗೆಗೆ ಬಂದವಳು ಬಾಗಿಲಲ್ಲೇ ನಿಂತಿದ್ದಳು. ಏನು ನಡೆಯಲಿದೆ ಎಂದು ಅವಳಿಗೆ ನನಗಿಂತ ಮೊದಲು ತಿಳಿಯಿತು, ಎರಡೂ ಕೈ ಚಾಚಿ ಬಾಗಿಲನ್ನು ಅಡ್ಡಗಟ್ಟಿದಳು.

“ಹೇಳ್ದೆ ಹೊರಗ ಬಿಡಂಗಿಲ್ಲ ಬೇ!” ಅಂದಳು.

ನೀಲಮ್ಮ ಮಂಚದ ಕಡೆ ನೋಡಲಿಲ್ಲ. ಡಬ್ಬಿಯ ಕಡೆ ಮುಖ ಮಾಡಿ ನಿಂತು ಹೇಳಿದರು:

“ಮಾಳಿಗಿ ಮ್ಯಾಲ ಹರವೀನಿ ಮೂರು ಸೇರು ಬಿಳಿಜ್ವಾಳ,
ಬಂಡೆಪ್ಪನವರ ಪದಾ ಕೇಳಕೋತ ಸಾಗಲಿ ನನ್ನ ಬಾಳ.”

ಹೆಸರು ಕೇಳಿ ಡಬ್ಬಿ ಎಚ್ಚರಾಯಿತು, ಅದರ ಹಸಿರು ದೀಪ ಹತ್ತಿತು. “ಕ್ಷಮಿಸಿ, ನೀವು ಹೇಳಿದ್ದು ನನಗೆ ಅರ್ಥವಾಗಲಿಲ್ಲ,” ಎಂದು ಪುಸ್ತಕದ ಕನ್ನಡದಲ್ಲಿ ಹೇಳಿ ಸುಮ್ಮನಾಯಿತು.

ಆಗ ಮಂಚದಿಂದ ಒಂದು ಶಬ್ದ ಬಂತು.

“ಓ…”

ಹೆಸರು ಕೂಗಿದರೆ ಜನ ಹೇಗೆ ಓಗೊಡುತ್ತಾರೋ ಹಾಗೆ. ತೊದಲಿತ್ತು, ದನಿ ಒಡೆದಿತ್ತು, ಆದರೆ ಓ ಎಂಬುದು ಓ ಎಂದೇ ಕೇಳಿಸಿತು. ಬಂಡೆಪ್ಪನವರು ಹೆಂಡತಿಯ ಕಡೆ ನೋಡುತ್ತಿದ್ದರು. ಇನ್ನೊಮ್ಮೆ ಅಂದರು. ನೀಲಮ್ಮ ಮಂಚದ ಅಂಚಿನಲ್ಲಿ ಕೂತು, ಅಳುತ್ತಲೇ ಅವರನ್ನು ಬೈಯತೊಡಗಿದರು.

“ಕರದ್ರ ಓ ಅಂತೀರಿ ಅಂತ ಗೊತ್ತಿದ್ರ ಅಂದೇ ಕರೀತಿದ್ನಲ್ರೀ! ಇಟು ದಿನಾ ಯಾಕ ಸುಮ್ನ ಮಲಗಿದ್ರಿ?”

ಬಂಡೆಪ್ಪನವರು ಈಗ ಪದಗಳ ಕೊನೆಯ ಸಾಲನ್ನು ತಮ್ಮ ದನಿಯ ಜೊತೆಯೇ ಹೇಳುತ್ತಾರೆ, ಅರ್ಧಂಬರ್ಧ ಮಾತೂ ಬಂದಿದೆ ಎಂದು ಮಲ್ಲಣ್ಣ ಆಗಾಗ ಫೋನು ಮಾಡುತ್ತಾನೆ. ಅದು ಹಾಡಿನಿಂದ ಬಂತೋ, ಒಡಪಿನಿಂದ ಬಂತೋ, ತಾನಾಗಿ ಬರುವುದಿತ್ತೋ, ಡಾಕ್ಟರರನ್ನೇ ಕೇಳಬೇಕು. ನಿಮಗೆ ನಾನು ಹೇಳುವುದು ಇಷ್ಟೇ. ಮನೆಗೆ ಹೋದಾಗ ಗೋಡೆ ತಟ್ಟಿ ನೋಡಿ, ಅಲಮಾರಿ ನೋಡಿ, ಆಮೇಲೆ ಆ ಮನೆಯಲ್ಲಿ ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂದು ಸ್ವಲ್ಪ ಹೊತ್ತು ಸುಮ್ಮನೆ ಕೂತು ಕೇಳಿ.

ಆ ದಿನ ಆ ಕೋಣೆಯಲ್ಲಿ ನನಗೆ ಕೆಲಸವಿರಲಿಲ್ಲ. ಹಳೆಯ ಹೆಸರನ್ನು ಅಳಿಸದೆ ಫೋನು ಮುಚ್ಚಿದೆ, ಸ್ಕ್ರೂಡ್ರೈವರ್‌ಗಳನ್ನು ಚೀಲಕ್ಕೆ ಹಾಕಿಕೊಂಡೆ. ಬಾಗಿಲು ಅಡ್ಡಗಟ್ಟಿದವಳು ಕಣ್ಣು ಒರೆಸಿಕೊಂಡು ನನಗೆ ದಾರಿ ಬಿಟ್ಟಳು. ನಾನು ಮಾಡಿದ ಕೆಲಸಗಳಲ್ಲಿ ಮೂರು ಸಲ ಹಚ್ಚಿ ಆರಿಸಿ ನೋಡದೆ ಹೊಸ್ತಿಲು ದಾಟಿ ಬಂದದ್ದು ಅದೊಂದೇ.